ಮೈಕೆಲ್ ಫ್ಯಾರಡೆ

ಲಂಡನ್ ನಗರದಲ್ಲಿ ಜಾರ್ಜ್ ರೀಬೋ ಎಂಬಾತನ ಪುಸ್ತಕದಂಗಡಿಯೊಂದಿತ್ತು. ಪುಸ್ತಕಗಳ ಮಾರಾಟದೊಡನೆ ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿಕೊಡುವ ಕೆಲಸವೂ ಅಲ್ಲಿ ನಡೆಯುತ್ತಿತ್ತು. 1804ರಲ್ಲಿ ಬಡ ಹುಡುಗನೊಬ್ಬ ಆ ಅಂಗಡಿಗೆ ಆಳಾಗಿ ಬಂದನು. ಗಿರಾಕಿಗಳ ಮನೆಗೆ ವೃತ್ತಪತ್ರಿಕೆಯನ್ನು ಒಯ್ದುಕೊಡುವುದು, ಅವರು ಓದಿದ ಮೇಲೆ ಹಿಂದಕ್ಕೆ ತಂದು ಬೇರೊಬ್ಬರಿಗೆ ಮುಟ್ಟಿಸುವುದು ಅವನ ಕೆಲಸ. ಮರುವರ್ಷ ಏಳು ವರ್ಷಗಳ ಕರಾರಿನ ಮೇಲೆ ರಟ್ಟು ಕಟ್ಟುವ ಕಸಬನ್ನು ಕಲಿಯಲು ಅವನು ಅಲ್ಲಿಯೇ ನಿಂತನು. ಆ ಹುಡುಗನೇ ಮೈಕೆಲ್ ಫ್ಯಾರಡೆ.

ಅವನು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು. ತಂದೆ ಜೇಮ್ಸ್ ಕಮ್ಮಾರ. ಕಾಯಿಲೆಯಿಂದ ಸುತ್ತಿಗೆಯನ್ನೆತ್ತಲಾರದ ದಿನಗಳು ಅವನಿಗೆ ಆಗಾಗ ಬರುತ್ತಿದ್ದವು. ಧಾನ್ಯದ ಬೆಲೆ ಏರಿದ್ದ 1801ರಲ್ಲಿ ಬಾಲಕ ಮೈಕೆಲ್ ಒಂದೇ ಬ್ರೆಡ್ಡಿನಲ್ಲಿ ವಾರವನ್ನು ಕಳೆಯಬೇಕಾಗಿತ್ತು. ಶಾಲೆಯಲ್ಲಿ ದೊರೆತದ್ದು ಓದು, ಬರಹ, ಲೆಕ್ಕಗಳ ಮೊದಲ ಪಾಠಗಳು ಮಾತ್ರ.

ರಟ್ಟು ಕಟ್ಟಲು ಬಂದ ಪುಸ್ತಕಗಳೇ ಅವನಿಗೆ ಗುರುಗಳಾದವು. ವಿಶ್ವಕೋಶದ ಸಂಪುಟವೊಂದರಲ್ಲಿ ವಿದ್ಯುತ್ತಿನ ವಿಷಯವನ್ನು ಓದಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ರಸಾಯನಶಾಸ್ತ್ರದ ಪುಸ್ತಕ ಅವನನ್ನು ಸೆರೆಹಿಡಿಯಿತು. ಓದಿದುದನ್ನು ಮಾಡಿ ನೋಡದೆ ನಂಬುವ ಸ್ವಭಾವ ಅವನದಲ್ಲ. ಉಳಿಸಿದ ಚಿಲ್ಲರೆ ಕಾಸಿನಲ್ಲಿ ಸೀಸೆಗಳನ್ನು ಕೊಂಡು ಪುಟ್ಟ ವಿದ್ಯುದ್ಯಂತ್ರವೊಂದನ್ನು ತಾನೇ ರಚಿಸಿದನು. ರೀಬೋ ಅವನನ್ನು ತಡೆಯಲಿಲ್ಲ. ಬಂದ ಗಿರಾಕಿಗಳಿಗೆ ಹುಡುಗನ ಕೆಲಸವನ್ನು ತೋರಿಸಿ ಹಿಗ್ಗುತ್ತಿದ್ದನು. ಎಲ್ಲ ಯಜಮಾನರೂ ಹೀಗಿರುವುದಿಲ್ಲ.

ಐಸಾಕ್ ವಾಟ್ಸ್ ಎಂಬಾತನು ಬುದ್ಧಿಯನ್ನು ಬೆಳೆಸಿಕೊಳ್ಳುವ ಬಗೆಯನ್ನು ಕುರಿತು ಬರೆದಿದ್ದ ಪುಸ್ತಕವೂ ಅವನ ಕೈಸೇರಿತು. ಟಿಪ್ಪಣಿ ಬರೆದಿಡಬೇಕು, ಬಲ್ಲವರ ಉಪನ್ಯಾಸಗಳನ್ನು ಕೇಳಬೇಕು, ಗೆಳೆಯರೊಡನೆ ಚರ್ಚಿಸಬೇಕು, ಪತ್ರವ್ಯವಹಾರ ಇಟ್ಟುಕೊಳ್ಳಬೇಕು ಎಂಬುದು ಅದರ ಬೋಧೆ. ಇಂಥ ಪುಸ್ತಕಗಳನ್ನು ಓದಿ ತಲೆದೂಗುವವರು ಬಹಳ. ಫ್ಯಾರಡೆ ಅದನ್ನು ನಿತ್ಯದ ನಡೆವಳಿಕೆಯಾಗಿ ಮಾಡಿಕೊಂಡನು. ಟೇಟಮ್ ಎಂಬಾತನ ಮನೆಯಲ್ಲಿ ಸಂಜೆಯ ವೇಳೆ ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಪ್ರವೇಶಕ್ಕೆ ಒಂದು ಷಿಲಿಂಗ್. ಆ ಹಣವನ್ನು ಕೊಟ್ಟವನು ಕಮ್ಮಾರಿಕೆಯಲ್ಲಿ ದುಡಿಯುತ್ತಿದ್ದ ಅಣ್ಣ ರಾಬರ್ಟ್. ಅಲ್ಲಿ ಬೆಂಜಮಿನ್ ಆಬಟ್ ಎಂಬ ತರುಣನ ಸ್ನೇಹವಾಯಿತು. ಆಬಟ್ ತನಗಿಂತ ಹೆಚ್ಚು ಓದಿದವನು, ತನ್ನ ಬರಹದಲ್ಲಿ ತಪ್ಪುಗಳಿವೆ ಎಂಬುದು ಫ್ಯಾರಡೆಗೆ ಗೊತ್ತಿತ್ತು. ಆದರೂ ಸಂಕೋಚಪಡದೆ ಅವನಿಗೆ ಉದ್ದುದ್ದನೆಯ ಪತ್ರಗಳನ್ನು ಬರೆದನು. ತಾನು ಕಂಡ ಹೊಸದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳುವ ಕಲೆಯನ್ನು ಅವನು ಕಲಿತದ್ದು ಈ ಪತ್ರಗಳಲ್ಲಿಯೇ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಲು ಅವನಿಗೆ ಟಿಕೆಟುಗಳನ್ನು ಕೊಟ್ಟರು. ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿ ಹೆಸರಾಗಿದ್ದ ರಸಾಯನಶಾಸ್ತ್ರಜ್ಞ ಡೇವಿ. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿ, ಚಿತ್ರಸಹಿತವಾಗಿ ಟಿಪ್ಪಣಿ ಬರೆದು, ಸುಮಾರು 300 ಪುಟಗಳ ಆ ಬರಹಕ್ಕೆ ತನ್ನ ಕೈಯಿಂದಲೇ ರಟ್ಟು ಕಟ್ಟಿ, ಕೆಲಸವನ್ನು ಕೋರಿ ಡೇವಿಗೆ ಕಳುಹಿಸಿದನು. ಡೇವಿ ಮೆಚ್ಚಿಕೊಂಡರೂ ರಟ್ಟು ಕಟ್ಟುವ ಕಸಬನ್ನು ಬಿಡಬಾರದೆಂದು ಬುದ್ಧಿ ಹೇಳಿದನಂತೆ. ಕೆಲವೇ ತಿಂಗಳಲ್ಲಿ ಪ್ರಯೋಗಶಾಲೆಯ ಸಹಾಯಕನ ಸ್ಥಾನ ತೆರವಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆ ಅಲ್ಲಿ ನೇಮಕಗೊಂಡನು. ವಾರಕ್ಕೆ 25 ಷಿಲಿಂಗ್ ಸಂಬಳ, ವಾಸಕ್ಕೆ ಅಟ್ಟದ ಮೇಲೆ ಎರಡು ಕೋಣೆಗಳು.

ಅದೇ ವರ್ಷ ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸಕ್ಕೆ ಹೊರಟನು. ಡೇವಿಯ ಪರಿಚಾರಕ ಬರಲೊಲ್ಲದೆ ಹೋದುದರಿಂದ ಆ ಊಳಿಗವೂ ಫ್ಯಾರಡೆಯ ಪಾಲಿಗೆ ಬಂದಿತು. ಡೇವಿಯ ಪತ್ನಿ ಅವನನ್ನು ಆಳಿನಂತೆಯೇ ನಡೆಸಿಕೊಂಡಳು. ನೊಂದ ತರುಣನು ಎಲ್ಲವನ್ನೂ ಬಿಟ್ಟು ಮನೆಗೆ ಹಿಂದಿರುಗುವ ಯೋಚನೆಯನ್ನೂ ಮಾಡಿದನು. ಆದರೆ ದಿನವೂ ಡೇವಿಯ ಮಾತು ಕೇಳುವ ಅವಕಾಶ ಇನ್ನೆಲ್ಲಿ ದೊರೆಯಬೇಕು? ಪ್ಯಾರಿಸ್ಸಿನಲ್ಲಿ ಆಂಪೇರ್, ಮಿಲಾನಿನಲ್ಲಿ ವೋಲ್ಟಾ ಮೊದಲಾದವರ ದರ್ಶನವಾಯಿತು. ಅವಮಾನವನ್ನು ನುಂಗಿಕೊಂಡು ಅವನು ಒಂದೂವರೆ ವರ್ಷ ಸುತ್ತಿ ಬಂದನು.

ಮುಂದೆ ಶಿಷ್ಯನ ಕೀರ್ತಿ ಏರತೊಡಗಿದಾಗ ಡೇವಿಯ ಮನಸ್ಸು ಕಹಿಯಾಯಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆಯ ಹೆಸರು ಬಂದಾಗ, ಅದರ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದ್ದನು. ಫ್ಯಾರಡೆ ಆಯ್ಕೆಯಾದನು; ಗುರುವಿನ ಮೇಲಿನ ಗೌರವವನ್ನು ಮಾತ್ರ ಕೊನೆಯವರೆಗೆ ಬಿಡಲಿಲ್ಲ.

ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆ ಅವನನ್ನು ವರ್ಷಗಟ್ಟಲೆ ಕಾಡಿತು. ಹಲವು ಸಲ ಪ್ರಯತ್ನಿಸಿ ಸೋತನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ಬೇರೆ ಬೇರೆಯಾಗಿ ತಂತಿ ಸುತ್ತಿ, ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿದನು. ಮತ್ತೊಂದಕ್ಕೆ ಸೇರಿದ್ದ ಸೂಜಿ ಅಲುಗಿ ನಿಂತಿತು. ವಿದ್ಯುತ್ತನ್ನು ನಿಲ್ಲಿಸಿದಾಗ ಮತ್ತೆ ಅಲುಗಿತು. ನಡುವಿನ ಹೊತ್ತಿನಲ್ಲಿ ನಿಶ್ಚಲ! ಬದಲಾವಣೆಯ ಆ ಕ್ಷಣದಲ್ಲಿಯೇ ಗುಟ್ಟು ಅಡಗಿತ್ತು. ಅಕ್ಟೋಬರ್ 17ರಂದು ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿ ತೆಗೆದು ವಿದ್ಯುತ್ತನ್ನು ಪಡೆದನು. 1902ರಲ್ಲಿ ಶಿವನಸಮುದ್ರದ ನೀರಿನ ಬಲದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದೂ ಇದೇ ತತ್ತ್ವದಿಂದ.

ಉನ್ನತ ಗಣಿತ ಅವನಿಗೆ ಬಾರದು. ಅಯಸ್ಕಾಂತದ ಸುತ್ತ ಬಲರೇಖೆಗಳಿವೆಯೆಂಬ ಅವನ ಕಲ್ಪನೆಯನ್ನು ಗಣಿತದ ಭಾಷೆಗೆ ತಂದವನು ತರುಣ ಮ್ಯಾಕ್ಸ್‌ವೆಲ್. ನಲವತ್ತು ವರ್ಷ ಕಿರಿಯನಾದ ಅವನಿಗೆ ಫ್ಯಾರಡೆ 1857ರಲ್ಲಿ ಪತ್ರ ಬರೆದು, ಗಣಿತಜ್ಞರು ತಮ್ಮ ನಿರ್ಣಯಗಳನ್ನು ಸಾಮಾನ್ಯ ಭಾಷೆಯಲ್ಲಿಯೂ ತಿಳಿಸಬಾರದೇ ಎಂದು ಕೇಳಿಕೊಂಡನು. ಕೇಳುವುದಕ್ಕೆ ನಾಚಿಕೆಯೆಂಬುದು ಅವನಿಗೆ ಆಗಲೂ ಇರಲಿಲ್ಲ.

ಉಪನ್ಯಾಸಕನಾಗಲು ಅವನು ಪಟ್ಟ ಶ್ರಮವೂ ಕಡಿಮೆಯದಲ್ಲ. ಮಾತಿನ ಕಲೆಯನ್ನು ಗುರುಮುಖದಿಂದ ಅಭ್ಯಾಸ ಮಾಡಿದನು. ಮಾತಿನ ವೇಗ ಮಿತಿಮೀರಿದಾಗ ಎಚ್ಚರಿಸಲೆಂದು, ನಿಧಾನ ಎಂಬರ್ಥದ ಪದ ಬರೆದ ಚೀಟಿಯನ್ನು ಸಹಾಯಕನು ಅವನ ಮುಂದೆ ಇಡುವ ಏರ್ಪಾಡಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಎಳೆಯರಿಗಾಗಿ ನಡೆಯುತ್ತಿದ್ದ ಉಪನ್ಯಾಸಮಾಲೆಗಳಲ್ಲಿ 19ನ್ನು ಅವನೇ ನಡೆಸಿಕೊಟ್ಟನು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಅವುಗಳಲ್ಲಿ ಕೊನೆಯದು ನಡೆದದ್ದು 1860–61ರ ಚಳಿಗಾಲದಲ್ಲಿ. ವಿಷಯ ಒಂದು ಮೇಣದ ಬತ್ತಿ. ಮೇಣ ಕರಗಿ ಬತ್ತಿಗೆ ಏರುವುದರಿಂದ ಹಿಡಿದು ನಾವು ಉಸಿರಾಡುವ ಗಾಳಿಯವರೆಗೆ ಅವನು ಮಕ್ಕಳನ್ನು ನಡೆಸಿಕೊಂಡು ಹೋದನು. ಆಗಲೇ ಅವನಿಗೆ ಎಪ್ಪತ್ತು ಸಮೀಪಿಸಿತ್ತು, ಜ್ಞಾಪಕಶಕ್ತಿ ಕುಂದುತ್ತಿತ್ತು.

ರಾಯಲ್ ಸೊಸೈಟಿಯ ಅಧ್ಯಕ್ಷತೆ ಬಂದಾಗ ಬೇಡವೆಂದಿದ್ದ ಅವನು 1867ರ ಆಗಸ್ಟ್ 25ರಂದು ತನ್ನ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡನು. ಡೇವಿಗೆ ಕಳುಹಿಸಿದ್ದ ಆ ಟಿಪ್ಪಣಿಯ ಪುಸ್ತಕ, ಅವನೇ ಕಟ್ಟಿದ ರಟ್ಟಿನೊಡನೆ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಳಿದುಬಂದಿದೆ.