ವಿಲ್ಬರ್ ರೈಟ್: ವಿಮಾನ ತಿರುಗಿಸುವ ಗುಟ್ಟು ಸಿಕ್ಕಿದ್ದು ಸೈಕಲ್ ಅಂಗಡಿಯ ರಟ್ಟಿನ ಡಬ್ಬಿಯಲ್ಲಿ!

ವಿಮಾನದ ಕಿಟಕಿ ಪಕ್ಕ ಕೂತವರು ಇದನ್ನು ಗಮನಿಸಿರುತ್ತಾರೆ. ದಿಕ್ಕು ಬದಲಿಸುವಾಗ ವಿಮಾನ ಕಾರಿನಂತೆ ನೇರವಾಗಿ ತಿರುಗುವುದಿಲ್ಲ, ಒಂದು ಬದಿಗೆ ವಾಲುತ್ತದೆ. ರೆಕ್ಕೆಯ ಹಿಂಬದಿಯ ಪುಟ್ಟ ಪಟ್ಟಿ ಮೇಲೆ ಕೆಳಗೆ ಆಡುತ್ತದೆ. ಹೀಗೆ ವಾಲಿಸಿಯೇ ತಿರುಗಿಸಬೇಕು ಎಂಬುದನ್ನು ಹಾರಾಟದಲ್ಲಿ ಸಾಧಿಸಿ ತೋರಿಸಿದವರು ರೈಟ್ ಸಹೋದರರು. ಅದರ ಹಿಂದಿನ ಮೊದಲ ಯೋಚನೆ ಅಣ್ಣ ವಿಲ್ಬರ್ ಅವರದ್ದು.

ಕಾಲೇಜು ಕನಸು ಕಸಿದ ಪೆಟ್ಟು

ವಿಲ್ಬರ್ ಹುಟ್ಟಿದ್ದು 1867ರ ಏಪ್ರಿಲ್ 16ರಂದು, ಅಮೆರಿಕದ ಇಂಡಿಯಾನಾದಲ್ಲಿ. ತಂದೆ ಚರ್ಚ್‌ನ ಬಿಷಪ್. ಹದಿಹರೆಯದಲ್ಲಿ ಹಾಕಿ ಆಡುವಾಗ ಮುಖಕ್ಕೆ ಬಲವಾದ ಪೆಟ್ಟು ಬಿತ್ತು. ಯೇಲ್‌ನಲ್ಲಿ ಓದುವ ಆಸೆ ಅಲ್ಲಿಗೇ ನಿಂತಿತು. ಕ್ಷಯರೋಗದಿಂದ ಬಳಲುತ್ತಿದ್ದ ತಾಯಿಯ ಆರೈಕೆ ಮಾಡುತ್ತಾ ಮನೆಯಲ್ಲೇ ಉಳಿದರು. 1889ರಲ್ಲಿ ತಾಯಿ ತೀರಿಕೊಂಡರು. 1892ರಲ್ಲಿ ತಮ್ಮ ಆರ್ವಿಲ್ ಜತೆ ಡೇಟನ್‌ನಲ್ಲಿ ಸೈಕಲ್ ಅಂಗಡಿ ತೆರೆದರು.

1896ರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಗ್ಲೈಡರ್‌ನಿಂದ ಬಿದ್ದು ಸತ್ತರು. ದೇಹದ ಭಾರವನ್ನು ಅತ್ತಿತ್ತ ಸರಿಸಿ ಸಮತೋಲನ ಕಾಯುವುದು ಅವರ ವಿಧಾನವಾಗಿತ್ತು. ಅದು ಸಾಲದು ಎಂದು ವಿಲ್ಬರ್‌ಗೆ ಅನಿಸಿತು. ಉಳಿದವರು ಎಂಜಿನ್ ಬಗ್ಗೆ ತಲೆಕೆಡಿಸಿಕೊಂಡಿದ್ದಾಗ ಅವರು ನಿಯಂತ್ರಣದ ಬೆನ್ನುಬಿದ್ದರು.

ತಿರುಚಿದ ಡಬ್ಬಿ

1899ರಲ್ಲಿ ಒಂದು ದಿನ ಅಂಗಡಿಯಲ್ಲಿ ಟ್ಯೂಬಿನ ಖಾಲಿ ಡಬ್ಬಿಯನ್ನು ಕೈಯಲ್ಲಿ ತಿರುಚುತ್ತಿದ್ದರು. ಡಬ್ಬಿಯ ಒಂದು ತುದಿ ಒಂದು ಕಡೆಗೆ, ಇನ್ನೊಂದು ತುದಿ ವಿರುದ್ಧ ಕಡೆಗೆ ವಾಲಿತು. ರೆಕ್ಕೆಗಳನ್ನೂ ಹೀಗೇ ತಿರುಚಿದರೆ? ಒಂದು ರೆಕ್ಕೆಗೆ ಎತ್ತುವ ಬಲ ಹೆಚ್ಚುತ್ತದೆ, ಇನ್ನೊಂದಕ್ಕೆ ತಗ್ಗುತ್ತದೆ, ವಿಮಾನ ವಾಲುತ್ತದೆ. ಆಗ ಎತ್ತುವ ಬಲವೂ ಓರೆಯಾಗಿ ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ತಿರುವು ಎಂದರೆ ಇಷ್ಟೇ.

ಆದರೆ ಕಿಟಿ ಹಾಕ್‌ನ ಮರಳುದಿಬ್ಬಗಳಲ್ಲಿ 1901ರ ಗ್ಲೈಡರ್ ನಿರಾಸೆ ತಂದಿತು. ಡೇಟನ್‌ಗೆ ಮರಳಿ ಗಾಳಿ ಸುರಂಗ ಕಟ್ಟಿ ಸುಮಾರು 200 ಬಗೆಯ ರೆಕ್ಕೆಗಳನ್ನು ಪರೀಕ್ಷಿಸಿದರು. 1902ರಲ್ಲಿ ಇನ್ನೊಂದು ತೊಡಕು ಎದುರಾಯಿತು. ಮೇಲೇಳುವ ರೆಕ್ಕೆಗೆ ಗಾಳಿಯ ತಡೆಯೂ ಹೆಚ್ಚಿ, ಗ್ಲೈಡರ್‌ನ ಮೂತಿ ತಪ್ಪು ದಿಕ್ಕಿಗೆ ಹೊರಳುತ್ತಿತ್ತು. ಹಿಂದಿನ ರಡ್ಡರ್ ಅಲುಗಾಡುವಂತಿರಲಿ ಎಂದರು ಆರ್ವಿಲ್. ಅದನ್ನು ರೆಕ್ಕೆ ತಿರುಚುವ ತಂತಿಗೇ ಜೋಡಿಸೋಣ ಎಂದರು ವಿಲ್ಬರ್. ಸಮಸ್ಯೆ ಬಗೆಹರಿಯಿತು. ಮೂತಿ ಏರಿಳಿಸಲು ಮುಂದೆ ಎಲಿವೇಟರ್ ಇತ್ತು. ಮೂರೂ ದಿಕ್ಕಿನ ಹಿಡಿತ ಸಿಕ್ಕ ಮೇಲೆಯೇ ಎಂಜಿನ್ ಕೂಡಿಸಿದ್ದು.

1903ರ ಡಿಸೆಂಬರ್ 17ರಂದು ಆರ್ವಿಲ್ 12 ಸೆಕೆಂಡ್ ಹಾರಿದರು. ಅದೇ ದಿನದ ನಾಲ್ಕನೇ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡ್‌ಗಳಲ್ಲಿ 852 ಅಡಿ ಸಾಗಿದರು. 1904ರ ಸೆಪ್ಟೆಂಬರ್ 20ರಂದು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಹಾಕಿದರು.

ಬೆರಗಾದ ಫ್ರಾನ್ಸ್

1908ರ ಆಗಸ್ಟ್ 8ರಂದು ಫ್ರಾನ್ಸ್‌ನ ಲ ಮಾನ್ ಬಳಿಯ ಕುದುರೆ ರೇಸ್ ಮೈದಾನದಲ್ಲಿ ವಿಲ್ಬರ್ ಎರಡು ನಿಮಿಷವೂ ಹಾರಲಿಲ್ಲ. ಆದರೆ ಹಕ್ಕಿಯಂತೆ ವಾಲಿ ತಿರುಗಿದರು. ರಡ್ಡರ್‌ನಿಂದಷ್ಟೇ ಕಷ್ಟಪಟ್ಟು ತಿರುಗುತ್ತಿದ್ದ ಅಲ್ಲಿನ ವಿಮಾನಿಗಳಿಗೆ ತಾವು ಎಷ್ಟು ಹಿಂದಿದ್ದೇವೆ ಎಂಬುದು ಅರ್ಥವಾಯಿತು.

ಕೋರ್ಟಿನಲ್ಲಿ ಕಳೆದ ಕೊನೆಯ ದಿನಗಳು

ಈ ತಂತ್ರಕ್ಕೆ 1906ರಲ್ಲೇ ಪೇಟೆಂಟ್ ಸಿಕ್ಕಿತ್ತು. ಗ್ಲೆನ್ ಕರ್ಟಿಸ್ ರೆಕ್ಕೆ ತಿರುಚುವ ಬದಲು ಎಲೆರಾನ್ ಎಂಬ ಪಟ್ಟಿ ಬಳಸಿದಾಗ, ಅದೂ ತಮ್ಮದೇ ತತ್ವ ಎಂದು ಸಹೋದರರು ದಾವೆ ಹೂಡಿದರು. ವಕೀಲರು, ಸಾಕ್ಷ್ಯ, ಓಡಾಟದಲ್ಲೇ ವಿಲ್ಬರ್ ದಣಿದರು. ಹೊಸ ಪ್ರಯೋಗಗಳಿಗೆ ಸಮಯ ಉಳಿಯಲಿಲ್ಲ. 1912ರ ಮೇ 30ರಂದು, 45ನೇ ವಯಸ್ಸಿನಲ್ಲಿ, ಟೈಫಾಯ್ಡ್‌ನಿಂದ ಡೇಟನ್‌ನ ಮನೆಯಲ್ಲೇ ನಿಧನರಾದರು.

ಮೇಲ್ಮನವಿ ಕೋರ್ಟ್ ರೈಟ್‌ಗಳ ಪರ ತೀರ್ಪು ಕೊಟ್ಟಿದ್ದು 1914ರಲ್ಲಿ. ಅದನ್ನು ಕೇಳಲು ವಿಲ್ಬರ್ ಇರಲಿಲ್ಲ. ರೆಕ್ಕೆ ತಿರುಚುವ ಪದ್ಧತಿ ಬೇಗನೆ ಮರೆಯಾಯಿತು, ಎಲೆರಾನ್ ಉಳಿಯಿತು. ಆದರೆ ಒಂದು ರೆಕ್ಕೆ ಏರಿಸಿ, ಇನ್ನೊಂದನ್ನು ಇಳಿಸಿ ತಿರುಗುವ ಪಾಠ ಮಾತ್ರ ಇಂದಿನ ಜೆಟ್‌ಗಳಲ್ಲೂ ಅದೇ.