ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ : ಕಾನೂನು ಪರೀಕ್ಷೆಯ ಸಿದ್ಧತೆ ಮತ್ತು ರಬಕವಿ-ಬನಹಟ್ಟಿಯ ತಾಡೋಲೆಗಳು

ಬಾಗಲಕೋಟ ಜಿಲ್ಲೆಯ ರಬಕವಿ-ಬನಹಟ್ಟಿ ಅವಳಿ ಪಟ್ಟಣವು ಕೈಮಗ್ಗದ ಸೀರೆಗಳಿಗೆ ಹೆಸರಾದುದು. ಕನ್ನಡ ಸಾಹಿತ್ಯದ ಇತಿಹಾಸದಲ್ಲಿಯೂ ಈ ಪಟ್ಟಣಕ್ಕೆ ಒಂದು ಸ್ಥಾನವಿದೆ. ಕಾನೂನು ಪರೀಕ್ಷೆಗೆ ಓದುತ್ತಿದ್ದ ಓರ್ವ ವಿದ್ಯಾರ್ಥಿಯು 1903ರಲ್ಲಿ ಇಲ್ಲಿ ಕಂಡ ತಾಡೋಲೆಯ ಕಟ್ಟುಗಳೇ ಅದಕ್ಕೆ ಕಾರಣ. ಆ ವಿದ್ಯಾರ್ಥಿಯೇ ಮುಂದೆ ವಚನ ಪಿತಾಮಹರೆಂದು ಖ್ಯಾತರಾದ ರಾವಬಹಾದ್ದೂರ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಶ್ರೀ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಹಾಗೂ ಲೇಖಕರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಇವರು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ, 1901ರಲ್ಲಿ ಬಿ.ಎ. ಪದವಿ ಪಡೆದರು. ತದನಂತರ ಕಾನೂನು ವ್ಯಾಸಂಗವನ್ನು ಕೈಗೊಂಡರು.

ಆ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿ ವಕೀಲಿ ಆರಂಭಿಸಬಯಸುವ ಪದವೀಧರನು ವಿಶ್ವವಿದ್ಯಾಲಯದ ಎಲ್‌ಎಲ್.ಬಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಉಚ್ಚ ನ್ಯಾಯಾಲಯದಿಂದ ಸನದು ಪಡೆಯಬೇಕಾಗಿತ್ತು. 1872ರ ಕರಾರು ಕಾಯಿದೆ, ಅದೇ ವರ್ಷದ ಸಾಕ್ಷ್ಯ ಕಾಯಿದೆ, 1882ರ ಸ್ವತ್ತು ವರ್ಗಾವಣೆ ಕಾಯಿದೆ, ಇವುಗಳ ಜೊತೆಗೆ ಹಿಂದೂ ಕಾನೂನು, ಇವೆಲ್ಲವೂ ವಕೀಲನಾಗುವವನಿಗೆ ಕರತಲಾಮಲಕವಾಗಿರಬೇಕಿತ್ತು. ಕನ್ನಡದಲ್ಲಿ ಪಠ್ಯವಾಗಲಿ, ಪಾಠವಾಗಲಿ ಇರಲಿಲ್ಲ. ಧಾರವಾಡ, ವಿಜಾಪುರ, ಬೆಳಗಾವಿ ಭಾಗದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿಯೇ ಓದಿ ಇಂಗ್ಲಿಷಿನಲ್ಲಿಯೇ ಉತ್ತರ ಬರೆಯಬೇಕಾಗಿತ್ತು. (ಇಂದು ಕಾನೂನು ಪದವೀಧರರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, 2010ರಲ್ಲಿ ಜಾರಿಗೆ ತರಲಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಮೇಲೆ ಹೇಳಿದ ಕಾಯಿದೆಗಳಲ್ಲಿ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಹೊಸ ಅಧಿನಿಯಮವು ಜಾರಿಗೆ ಬಂದಿದೆ.)

ಇಂತಹ ಸಿದ್ಧತೆಯ ಅವಧಿಯಲ್ಲಿ ಶ್ರೀ ಹಳಕಟ್ಟಿಯವರು ರಬಕವಿ-ಬನಹಟ್ಟಿಗೆ ಬಂದರು. ಈ ಎರಡು ಊರುಗಳು ಅಂದು ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಇಲ್ಲಿನ ಮಂಚಾಲೆ ಮನೆತನದವರಲ್ಲಿದ್ದ ತಾಡೋಲೆ ಕಟ್ಟುಗಳನ್ನು ನೋಡುವ ಅವಕಾಶ ಅವರಿಗೆ ಒದಗಿತು. ಪ್ರಭುದೇವರ ವಚನಗಳು ಹಾಗೂ ಷಟ್‌ಸ್ಥಲ ತಿಲಕ ಎಂಬ ಗ್ರಂಥಗಳು ಅವುಗಳಲ್ಲಿದ್ದವು. ಅಂತಹ ಕಟ್ಟುಗಳನ್ನು ಅನೇಕ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲಿಟ್ಟು ಪೂಜಿಸಲಾಗುತ್ತಿತ್ತೇ ವಿನಾ ಬಿಚ್ಚಿ ಓದುವವರು ವಿರಳವಾಗಿದ್ದರು. ಪೂಜೆಯಿಂದ ಗರಿಗಳು ಉಳಿದುಬಂದವು ಎಂಬುದು ನಿಜ. ಆದರೆ ಹುಳು, ತೇವ, ಬೆಂಕಿಗಳಿಗೆ ಪೂಜೆಯು ತಡೆಯಾಗಲಾರದು. ಪ್ರತಿ ಒಂದೇ ಇದ್ದಲ್ಲಿ, ಆ ಕಟ್ಟು ಹಾಳಾದರೆ ಅದರಲ್ಲಿನ ವಚನಕಾರನ ಹೆಸರೂ ಅಳಿಯುತ್ತಿತ್ತು.

ಈ ಸಂದರ್ಭದಲ್ಲಿ ಅವರು ಪರೀಕ್ಷೆಯನ್ನು ಕೈಬಿಡಲಿಲ್ಲ ಎಂಬುದು ಗಮನಾರ್ಹ. 1904ರಲ್ಲಿ ಎಲ್‌ಎಲ್.ಬಿ. ಪದವಿಯನ್ನು ಪಡೆದು, ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ಮುಂದೆ ಸರ್ಕಾರಿ ವಕೀಲರಾಗಿಯೂ ಕಾರ್ಯನಿರ್ವಹಿಸಿದರು. ವಚನಗಳ ಶೋಧನೆಗೆ ಯಾವ ರಾಜಾಶ್ರಯವೂ ಇರಲಿಲ್ಲ. ಅದಕ್ಕೆ ಬೇಕಾದ ಹಣ ವಕೀಲಿಯಿಂದಲೇ ಬರಬೇಕಾಗಿತ್ತು. ನ್ಯಾಯಾಲಯದ ಕೆಲಸದ ನಡುವೆ ಬಿಡುವು ದೊರೆತಾಗಲೆಲ್ಲ ಊರೂರು ಸುತ್ತಿ, ಮಠಗಳಲ್ಲಿ, ಮನೆಗಳಲ್ಲಿ ವಿನಂತಿಸಿಕೊಂಡು ತಾಡೋಲೆಗಳನ್ನು ಸಂಗ್ರಹಿಸಿದರು. ಒಂದೇ ವಚನದ ಹಲವು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಕಾರ್ಯದಲ್ಲಿ, ದಾಖಲೆಗಳನ್ನು ಪರಿಶೀಲಿಸುವ ವಕೀಲರ ರೂಢಿ ಅವರಿಗೆ ನೆರವಾಗಿರಲೇಬೇಕು.

ರಬಕವಿ-ಬನಹಟ್ಟಿಯಲ್ಲಿ ಕಟ್ಟುಗಳನ್ನು ಕಂಡ ಇಪ್ಪತ್ತು ವರ್ಷಗಳ ತರುವಾಯ, 1923ರಲ್ಲಿ, ವಚನಶಾಸ್ತ್ರ ಸಾರದ ಮೊದಲ ಭಾಗವು ಪ್ರಕಟವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ್ದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿದ್ದರಿಂದ ಅದನ್ನು ಬೆಳಗಾವಿಯಲ್ಲಿ ಮುದ್ರಿಸಬೇಕಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯ ಸಾಗದೆಂದು ಮನಗಂಡು, ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಬಳಿಕ ಅವರ ವಾಸವು ಬಾಡಿಗೆ ಮನೆಯಲ್ಲಿಯೇ. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಇವುಗಳಿಂದ ಲಾಭವಿರಲಿಲ್ಲ. ಮನೆ ಮಾರಿದ ವಕೀಲರನ್ನು ಸಮಕಾಲೀನರು ವ್ಯವಹಾರಜ್ಞರೆಂದು ಭಾವಿಸಿರಲಾರರು. ಆದರೆ ಅಂದಿನವರೆಗೆ ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆ 200ನ್ನು ಮೀರಿತು.

ಸಾರ್ವಜನಿಕ ಜೀವನದಲ್ಲಿಯೂ ಅವರ ಸೇವೆ ದೊಡ್ಡದು. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು, ಇಂದು ಬಿ.ಎಲ್.ಡಿ.ಇ. ಎಂದು ಪರಿಚಿತವಾಗಿರುವ ಈ ಸಂಸ್ಥೆಯ ಪದವಿ ಮಹಾವಿದ್ಯಾಲಯವು ಜಮಖಂಡಿಯಲ್ಲಿಯೂ ಇದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿದ್ದರು. 1926ರಲ್ಲಿ ಬಳ್ಳಾರಿಯಲ್ಲಿ ಜರುಗಿದ 12ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನು ನೀಡಿತು. 1964ರ ಜೂನ್ ತಿಂಗಳಿನಲ್ಲಿ ಅವರು ವಿಜಾಪುರದಲ್ಲಿ ನಿಧನರಾದರು.

ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಶ್ರೀ ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವನ್ನಾಗಿ ಆಚರಿಸಲಾಗುತ್ತಿದೆ. ಅವರ ಹೆಸರಿನ ಸಂಶೋಧನಾ ಕೇಂದ್ರವು ವಿಜಯಪುರದಲ್ಲಿದ್ದು, ಅವರ ಸಮಗ್ರ ಸಾಹಿತ್ಯವನ್ನು ಪ್ರಕಟಿಸಿದೆ.