ಗೋಲಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಷಾ

ಮಕ್ಕಳೇ, ಬಸವಕಲ್ಯಾಣದ ಕೋಟೆಯನ್ನು ನೀವು ನೋಡಿರಬಹುದು. 17ನೇ ಶತಮಾನದಲ್ಲಿ ಅದು ಬಿಜಾಪುರದ ಆದಿಲ್ ಷಾಹಿಗಳ ಕೈಯಲ್ಲಿತ್ತು. ಆ ವಂಶದ ಮುಹಮ್ಮದ್ ಆದಿಲ್ ಷಾ 1627ರಲ್ಲಿ ಪಟ್ಟಕ್ಕೆ ಬಂದನು. 1636ರಲ್ಲಿ ಮೊಘಲರೊಡನೆ ಒಪ್ಪಂದವಾದ ಮೇಲೆ ಅವನ ರಾಜ್ಯ ದಕ್ಷಿಣಕ್ಕೆ ಹಬ್ಬಿತು. ಅವನ ತಂದೆಯ ಸಮಾಧಿ ಇಬ್ರಾಹಿಂ ರೋಜಾ ಸೊಗಸಿಗೆ ಹೆಸರಾಗಿತ್ತು. ಮಗನು ತನ್ನ ಸಮಾಧಿಗೆ ಗಾತ್ರವನ್ನು ಆರಿಸಿಕೊಂಡನು. ಅದೇ ಗೋಲಗುಮ್ಮಟ.

ಇದರ ಒಳಕೋಣೆ ಚೌಕಾಕಾರ. ಒಂದು ಬದಿ ಸುಮಾರು 41 ಮೀಟರ್. ನಡುವೆ ಒಂದು ಕಂಬವೂ ಇಲ್ಲ! ಒಂದನ್ನೊಂದು ಕತ್ತರಿಸುವ 8 ಕಮಾನುಗಳು ಮೇಲೇರುತ್ತಾ ಚೌಕವನ್ನು ವೃತ್ತಕ್ಕೆ ತರುತ್ತವೆ. ಗುಮ್ಮಟ ಹೊರಕ್ಕೆ ಒತ್ತುತ್ತದೆ. ಕಮಾನುಗಳ ಭಾರ ಒಳಕ್ಕೆ ಒತ್ತಿ ಅದನ್ನು ತಡೆಯುತ್ತದೆ.

ಇದು ಜಗತ್ತಿನ ದಾಖಲೆಯೇ? ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಗೋಡೆಯ ದಪ್ಪ ಸುಮಾರು 3 ಮೀಟರ್. ಎರಡೂ ಬದಿ ಕಳೆದರೆ ಒಳವ್ಯಾಸ 38 ಮೀಟರ್. ಇದಕ್ಕಿಂತ ಸುಮಾರು 1500 ವರ್ಷ ಹಳೆಯದಾದ ರೋಮಿನ ಪ್ಯಾಂಥಿಯಾನ್ ಗುಮ್ಮಟದ ಒಳವ್ಯಾಸ 43 ಮೀಟರ್. ಹಾಗಾದರೆ ನಾವು ಸೋತೆವೇ? ನೆಲವನ್ನು ಲೆಕ್ಕ ಹಾಕಿರಿ. ನಮ್ಮದು 41 × 41 = 1681 ಚದರ ಮೀಟರ್. ಪ್ಯಾಂಥಿಯಾನಿನ ವೃತ್ತಾಕಾರದ ನೆಲ ಸುಮಾರು 1470. ಇಲ್ಲಿ ನಾವೇ ಮುಂದು! ದಾಖಲೆ ಎಂದು ಯಾರಾದರೂ ಹೇಳಿದರೆ, ಏನನ್ನು ಅಳೆದರು ಎಂದು ಮೊದಲು ಕೇಳಿರಿ.

1656ರಲ್ಲಿ ದೊರೆ ತೀರಿಕೊಂಡನು. ಗುಮ್ಮಟದ ಕೆಲಸ ಪೂರ್ತಿಯಾಗಿರಲಿಲ್ಲ. ಮರುವರ್ಷವೇ ಕಲ್ಯಾಣದ ಕೋಟೆ ಔರಂಗಜೇಬನ ವಶವಾಯಿತು. ರಾಜ್ಯ ಹೋಯಿತು, ಗುಮ್ಮಟ ಉಳಿಯಿತು.

ಹುಮನಾಬಾದಿನ ಮಕ್ಕಳೇ, ಬಸವಕಲ್ಯಾಣದ ಮಕ್ಕಳೇ, ನಿಮ್ಮ ತರಗತಿ ಕೋಣೆಯ ಉದ್ದ, ಅಗಲ ಅಳೆಯಿರಿ. ಅಂಥ ಎಷ್ಟು ಕೋಣೆಗಳು ಗೋಲಗುಮ್ಮಟದ ನೆಲದಲ್ಲಿ ಹಿಡಿಸುತ್ತವೆ?